ವರ್ಷದ ನಡುವೆ ದುಬೈ ಕೆಲಸಕ್ಕೆ: ಸೆಪ್ಟೆಂಬರ್‌ನಲ್ಲಿ ಹೊರಡಬೇಕೋ, ತುಲಾ ಸಂಕ್ರಮಣ ಮುಗಿಸಿ ಹೊರಡಬೇಕೋ?

ಗೋಣಿಕೊಪ್ಪಲು_ತೋಟ (ಪ್ರಶ್ನೆ)

ದುಬೈನ ಒಂದು ಕಂಪನಿಯಲ್ಲಿ ಕೆಲಸ ಖಾತ್ರಿಯಾಗಿದೆ, ಎಂಪ್ಲಾಯ್‌ಮೆಂಟ್ ವೀಸಾ ಅವರೇ ಮಾಡಿಸುತ್ತಾರೆ. ಸೆಪ್ಟೆಂಬರ್ 26ಕ್ಕೆ ಸೇರಬಹುದು, ಇಲ್ಲವೇ ಅಕ್ಟೋಬರ್ ಮೂರನೇ ವಾರ. ಮನೆಯವರು ತುಲಾ ಸಂಕ್ರಮಣದ ತಲಕಾವೇರಿ ತೀರ್ಥೋದ್ಭವ ಮುಗಿಸಿಕೊಂಡೇ ಹೋಗು ಅನ್ನುತ್ತಿದ್ದಾರೆ. ಯಾವಾಗ ಹೋದರೂ ಪುತ್ತರಿಗೆ (ಡಿಸೆಂಬರ್ ಹೊತ್ತಿನ ನಮ್ಮ ಕೊಡಗಿನ ಸುಗ್ಗಿ ಹಬ್ಬ) ಹತ್ತು ದಿನ ಊರಿಗೆ ಬರುವ ಯೋಚನೆ ಇದೆ.

ಈಗ ಬೆಂಗಳೂರಿನ ಸಂಬಳ ತಿಂಗಳಿಗೆ 1,62,500. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 9.75 ಲಕ್ಷ ಆಗುತ್ತದೆ. ದುಬೈನಲ್ಲಿ ರೂಪಾಯಿ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 4 ಲಕ್ಷ. ನನ್ನ ಹೆಸರಿನ ಆರ್‌ಟಿಸಿಯಲ್ಲಿ ಮೂರು ಎಕರೆ ರೊಬಸ್ಟಾ, ಮರಕ್ಕೆ ಕಾಳುಮೆಣಸು. ಉಳಿದ ತೋಟ ತಂದೆಯ ಹೆಸರಿನಲ್ಲಿದೆ, ಅದನ್ನು ನನಗೆ ದಾನಪತ್ರ ಮಾಡಿಕೊಡುವ ಮಾತು ನಡೆದಿದೆ.

ಕೇಳಬೇಕಾದ್ದು ಇಷ್ಟು. 2025-26ಕ್ಕೆ ನಾನು ತೆರಿಗೆ ಲೆಕ್ಕದಲ್ಲಿ ನಿವಾಸಿಯೋ ಅನಿವಾಸಿಯೋ? ದುಬೈನಲ್ಲಿ ಆದಾಯ ತೆರಿಗೆ ಇಲ್ಲವಲ್ಲ, ಅಲ್ಲಿಯ ಸಂಬಳಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಾ? ತೋಟ, ಬ್ಯಾಂಕ್ ವಿಷಯದಲ್ಲಿ ಹೊರಡುವ ಮುಂಚೆಯೇ ಮಾಡಿ ಮುಗಿಸಬೇಕಾದ್ದೇನು?

---

ಲೆಕ್ಕಪತ್ರ_ಮಡಿಕೇರಿ

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಪಾಸ್‌ಪೋರ್ಟಿನ ತಾರೀಖಿನಲ್ಲಿ. ಅದನ್ನು ಮೊದಲು ಸರಿಮಾಡಿಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ.

ಆದಾಯ ತೆರಿಗೆ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಒಂದು ಹಣಕಾಸು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ನಿವಾಸಿ. ಎರಡನೆಯ ಪರೀಕ್ಷೆಯೂ ಇದೆ: ಆ ವರ್ಷ 60 ದಿನ, ಜೊತೆಗೆ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೂ ನಿವಾಸಿಯೇ. ಊರಲ್ಲೇ ಇದ್ದವರೆಲ್ಲ ಈ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಭಾರತೀಯ ಪ್ರಜೆ ವಿದೇಶದ ಉದ್ಯೋಗಕ್ಕಾಗಿ ದೇಶ ಬಿಟ್ಟರೆ, ಬಿಟ್ಟ ಆ ವರ್ಷದ ಮಟ್ಟಿಗೆ 60ರ ಜಾಗದಲ್ಲಿ 182 ಎಂದು ಓದಿಕೊಳ್ಳಬೇಕು. ಹಾಗಾಗಿ ನೀವು ನೋಡಬೇಕಾದ ಅಂಕಿ ಒಂದೇ, 181 ದಾಟಬಾರದು.

ಈಗ ಎಣಿಸೋಣ. ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31. ಆಗಸ್ಟ್ ಕೊನೆಗೆ 153. ಹೊರಟ ದಿನವನ್ನೂ ಸೇರಿಸಿದರೆ ಸೆಪ್ಟೆಂಬರ್ 28ಕ್ಕೆ 181, 29ಕ್ಕೆ 182. ಮತ್ತೆ ಮಾರ್ಚ್ 31ರವರೆಗೆ ಊರ ಕಡೆ ಬರುವುದೇ ಇಲ್ಲ ಎನ್ನುವವರಿಗೆ ಸೆಪ್ಟೆಂಬರ್ 28 ಕೊನೆಯ ದಿನ. ತೀರ್ಥೋದ್ಭವ ಅಕ್ಟೋಬರ್ ಮಧ್ಯಕ್ಕೆ ಬರುವುದರಿಂದ, ಅದನ್ನು ಮುಗಿಸಿ ಹೊರಟರೆ ನಿವಾಸಿ ಆಗಿಯೇ ಆಗುತ್ತೀರಿ. ಅದರಲ್ಲಿ ವಾದಕ್ಕೆ ಜಾಗವಿಲ್ಲ.

ನಿಮ್ಮ ಲೆಕ್ಕ ತಪ್ಪುವುದು ಪುತ್ತರಿಯಲ್ಲಿ. ಸೆಪ್ಟೆಂಬರ್ 26ಕ್ಕೆ ಹೊರಟರೆ 179 ದಿನ ಆಗಲೇ ಮುಗಿದಿರುತ್ತದೆ, ಉಳಿಯುವುದು ಎರಡೇ. ಪುತ್ತರಿಯ ಹತ್ತು ದಿನ ಸೇರಿದರೆ 189. ಸೆಪ್ಟೆಂಬರ್‌ನಲ್ಲೇ ಹೋಗಿದ್ದೂ ವ್ಯರ್ಥ. ಅದೇ ಹಣಕಾಸು ವರ್ಷದೊಳಗೆ ಮತ್ತೆ ಬಂದ ಪ್ರತಿಯೊಂದು ದಿನವೂ ಈ 181ರಲ್ಲೇ ಕಳೆಯಬೇಕು. ಪುತ್ತರಿಗೆ ಹತ್ತು ದಿನ ಬೇಕೇಬೇಕು ಎಂದಾದರೆ ಸೆಪ್ಟೆಂಬರ್ 18ರೊಳಗೆ ಹೊರಡಿ, ಹದಿನೈದು ದಿನ ಬೇಕಾದರೆ 13ರೊಳಗೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬ ಮುಗಿಸಿ 4ಕ್ಕೆ ಹೊರಟರೆ 157 ದಿನ ಆಗುತ್ತದೆ, 24 ದಿನ ಕೈಯಲ್ಲಿ ಉಳಿಯುತ್ತದೆ. ನನ್ನನ್ನು ಕೇಳಿದರೆ ಇದೇ ಒಳ್ಳೆಯದು. ಡಿಸೆಂಬರ್‌ನಲ್ಲಿ ಬರುವುದಕ್ಕೂ ಆಗುತ್ತದೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದೆ ತುರ್ತಾಗಿ ಬರಬೇಕಾದರೆ ಅದಕ್ಕೂ ದಿನ ಉಳಿದಿರುತ್ತದೆ.

ಹಣದ ವ್ಯತ್ಯಾಸ ಎಷ್ಟೆಂದು ನಿಮ್ಮ ಅಂಕಿಗಳಲ್ಲೇ, ಹೊಸ ತೆರಿಗೆ ಪದ್ಧತಿಯಲ್ಲಿ ನೋಡಿ.

ಅನಿವಾಸಿಯಾದರೆ ಇಲ್ಲಿ ತೆರಿಗೆಗೆ ಬರುವುದು ಬೆಂಗಳೂರಿನ ಸಂಬಳ ಮಾತ್ರ. 9.75 ಲಕ್ಷದಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 9 ಲಕ್ಷ. 4ರಿಂದ 8 ಲಕ್ಷಕ್ಕೆ ಶೇ 5ರಂತೆ 20,000, ಮೇಲಿನ 1 ಲಕ್ಷಕ್ಕೆ ಶೇ 10ರಂತೆ 10,000. ಶೇ 4 ಸೆಸ್ ಸೇರಿ 31,200.

ನಿವಾಸಿಯಾದರೆ ದುಬೈ ಸಂಬಳವೂ ಒಳಗೆ ಬರುತ್ತದೆ. ಆರು ತಿಂಗಳಿಗೆ 24 ಲಕ್ಷ ಎಂದಿಟ್ಟುಕೊಂಡರೆ ನಿವ್ವಳ 33 ಲಕ್ಷ. 24 ಲಕ್ಷದವರೆಗಿನ ಹಂತಗಳಿಗೆ 3 ಲಕ್ಷ, ಅದರ ಮೇಲಿನ 9 ಲಕ್ಷಕ್ಕೆ ಶೇ 30ರಂತೆ 2.7 ಲಕ್ಷ. ಸೆಸ್ ಸೇರಿ 5,92,800. ದುಬೈನಲ್ಲಿ ತೆರಿಗೆ ಕಟ್ಟಿಲ್ಲದ ಕಾರಣ ಇಲ್ಲಿಯ ತೆರಿಗೆಯಿಂದ ಕಡಿತ ಮಾಡಿಕೊಳ್ಳಲು ಏನೂ ಇರುವುದಿಲ್ಲ. ಅಕ್ಟೋಬರ್ ಮೂರನೇ ವಾರ ಸೇರಿದರೆ ದುಬೈ ಸಂಬಳ ಆರು ತಿಂಗಳಿಗಿಂತ ಸ್ವಲ್ಪ ಕಡಿಮೆ, ತೆರಿಗೆಯೂ ಅಷ್ಟು ಇಳಿಯುತ್ತದೆ. ಆದರೂ ಕೆಲವು ದಿನಗಳ ಹೆಚ್ಚುಕಡಿಮೆಗೆ ಐದು ಲಕ್ಷದ ಆಸುಪಾಸಿನ ವ್ಯತ್ಯಾಸ.

ಎಲ್ಲರೂ ಮರೆಯುವ ಇನ್ನೊಂದು ವಿಷಯ: 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವುದು 87ಎ ಸೆಕ್ಷನ್ನಿನ ರಿಬೇಟಿನಿಂದ (ತೆರಿಗೆ ರಿಯಾಯಿತಿ), ಅದು ನಿವಾಸಿಗಳಿಗೆ ಮಾತ್ರ. ಮೇಲಿನ 31,200 ಬಂದದ್ದು ಅದಕ್ಕೇ. ನಿಮ್ಮ ಈಗಿನ ಕಂಪನಿ ನಿಮ್ಮನ್ನು ನಿವಾಸಿ ಎಂದುಕೊಂಡು, ಕೊನೆಯ ಲೆಕ್ಕ ಮಾಡುವಾಗ ರಿಬೇಟ್ ಕೊಟ್ಟು ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಸೊನ್ನೆ ಮಾಡಿದರೆ ಆ ಹಣ ನೀವೇ ಕಟ್ಟಬೇಕು. 10,000 ದಾಟುವುದರಿಂದ ಮುಂಗಡ ತೆರಿಗೆಯಾಗಿ ಕಟ್ಟಬೇಕು, ಇಲ್ಲದಿದ್ದರೆ ತಿಂಗಳಿಗೆ ಶೇ 1 ಬಡ್ಡಿ. ಕೆಲಸ ಬಿಡುವ ಮುಂಚೆ ಪೇರೋಲ್ ವಿಭಾಗಕ್ಕೆ 'ಈ ವರ್ಷ ಅನಿವಾಸಿಯಾಗುತ್ತೇನೆ' ಎಂದು ಇಮೇಲ್ ಬರೆದಿಡಿ.

---

ಮಾಕುಟ್ಟ_ದಾರಿ

ಮೇಲಿನ ಎಣಿಕೆ ಸರಿ, ಒಂದು ತಿದ್ದುಪಡಿ ಮಾತ್ರ. ಬಂದಿಳಿದ ದಿನವನ್ನು ಎಣಿಸಬೇಕಿಲ್ಲ ಎಂದು ನ್ಯಾಯಮಂಡಳಿ ತೀರ್ಪುಗಳಿವೆ. ಆ ಪ್ರಕಾರ ಪುತ್ತರಿಗೆ ಇನ್ನೊಂದು ದಿನ ಸಿಗುತ್ತದೆ.

---

ಲೆಕ್ಕಪತ್ರ_ಮಡಿಕೇರಿ

ತೀರ್ಪುಗಳಿರುವುದು ನಿಜ. ಎರಡೂ ದಿನ ಸೇರಿಸಬೇಕು ಎಂದ ಮುಂಗಡ ತೀರ್ಪು ಪ್ರಾಧಿಕಾರದ ನಿರ್ಣಯವೂ ಇದೆ. ನೋಟಿಸ್ ಬಂದ ಮೇಲೆ ವಾದ ಮಾಡಲು ಆ ತೀರ್ಪುಗಳನ್ನು ಇಟ್ಟುಕೊಳ್ಳಿ, ಟಿಕೆಟ್ ಬುಕ್ ಮಾಡುವಾಗ ಬೇಡ. ಹೋದ ದಿನ, ಬಂದ ದಿನ ಎರಡನ್ನೂ ಎಣಿಸಿ, ಅದರ ಮೇಲೆ ನಾಲ್ಕೈದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಸೆಪ್ಟೆಂಬರ್ ಎಂದರೆ ನಮ್ಮಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಕಣ್ಣೂರಿಂದ ಹಾರುವವರು ಮಾಕುಟ್ಟ ಘಾಟಿ ದಾಟಬೇಕು, ಅಲ್ಲಿ ಗುಡ್ಡ ಜರಿದರೆ ಸುತ್ತಿ ಬಳಸಿ ಹೋಗಬೇಕು, ವಿಮಾನ ತಪ್ಪಿದರೆ ದಿನವೂ ಹೋಯಿತು.

ರಾತ್ರಿ ವಿಮಾನದ ವಿಷಯದಲ್ಲೂ ಜಾಗ್ರತೆ. ಗಲ್ಫ್ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ ಇರುತ್ತವೆ. ಇಮಿಗ್ರೇಷನ್ ಮುದ್ರೆಯ ತಾರೀಖು ನಡುರಾತ್ರಿಗೆ ಬದಲಾಗುತ್ತದೆ. 28ರ ರಾತ್ರಿ ಮನೆಯಿಂದ ಹೊರಟು, 29ರ ಬೆಳಗಿನ ಜಾವ 1 ಗಂಟೆಗೆ ಮುದ್ರೆ ಬಿದ್ದರೆ ಅದು 29. ಇ-ಗೇಟ್ ಮೂಲಕ ಹೋದರೆ ಮುದ್ರೆಯೇ ಇರುವುದಿಲ್ಲ, ಬೋರ್ಡಿಂಗ್ ಪಾಸ್ ಮತ್ತು ಟಿಕೆಟ್ ಪಿಡಿಎಫ್ ಜೋಪಾನವಾಗಿಡಿ.

ಈ ವರ್ಷ ಏಪ್ರಿಲ್ ನಂತರ ಆಫೀಸಿನ ಕೆಲಸಕ್ಕೋ ಪ್ರವಾಸಕ್ಕೋ ಹೊರದೇಶಕ್ಕೆ ಹೋಗಿಬಂದಿದ್ದರೆ, ಪೂರ್ತಿ ಹೊರಗಿದ್ದ ದಿನಗಳನ್ನು ಎಣಿಕೆಯಿಂದ ಕಳೆಯಬಹುದು. ಅಷ್ಟು ದಿನ ಪುತ್ತರಿಗೆ ಸೇರುತ್ತದೆ.

---

ಬಾಳೆಲೆ_ಕನ್ಸಲ್ಟ್

182ರ ರಿಯಾಯಿತಿ ಸಿಗುವುದು 'ಉದ್ಯೋಗಕ್ಕಾಗಿ' ಹೋದವರಿಗೆ. ಈ ಪದದಲ್ಲಿ ಸ್ವಂತ ವ್ಯವಹಾರವೂ ಸೇರುತ್ತದೆಂದು ಕೇರಳ ಹೈಕೋರ್ಟ್ ಹೇಳಿದೆ, ಆದರೆ ಪ್ರವಾಸ ಸೇರುವುದಿಲ್ಲ. ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸ ಹುಡುಕಿ, ಆಮೇಲೆ ಸ್ಟೇಟಸ್ ಬದಲಿಸಿಕೊಳ್ಳುವವರು ತೊಂದರೆಗೆ ಸಿಗುವುದು ಇಲ್ಲೇ. ಹೊರಟ ದಿನ ಕೈಯಲ್ಲಿ ಕೆಲಸದ ಪತ್ರ ಇಲ್ಲದಿದ್ದರೆ ಅಧಿಕಾರಿ 60 ದಿನದ ನಿಯಮಕ್ಕೆ ಇಳಿಯಬಹುದು. ಜೂನ್‌ನಲ್ಲಿ ಹೋದವರೂ ಆಗ ನಿವಾಸಿಯೇ. ಸಹಿ ಹಾಕಿದ ಆಫರ್ ಲೆಟರ್, ಎಂಟ್ರಿ ಪರ್ಮಿಟ್, ಇಲ್ಲಿಯ ಕಂಪನಿಯ ರಿಲೀವಿಂಗ್ ಲೆಟರ್ ಮೂರರಲ್ಲೂ ತಾರೀಖು ಹೊರಡುವ ಮುಂಚಿನದೇ ಇರಲಿ.

ಸಂಬಳ ಎಲ್ಲಿಗೆ ಜಮಾ ಆಗುತ್ತದೆ ಎಂಬುದೂ ಮುಖ್ಯ. ಅನಿವಾಸಿಗೆ ಭಾರತದಲ್ಲಿ ಹುಟ್ಟಿದ ಆದಾಯ ಮಾತ್ರವಲ್ಲ, ಭಾರತದಲ್ಲಿ ಮೊದಲು ಕೈಗೆ ಬಂದ ಆದಾಯಕ್ಕೂ ತೆರಿಗೆ ಇದೆ. ದುಬೈ ಬ್ಯಾಂಕ್ ಖಾತೆ ತೆರೆಯಲು ಎಮಿರೇಟ್ಸ್ ಐಡಿ ಬೇಕು. ಅದು ಬರುವವರೆಗೆ 'ಇಂಡಿಯಾ ಅಕೌಂಟ್ ನಂಬರ್ ಕೊಡಿ, ಅಲ್ಲಿಗೇ ಹಾಕುತ್ತೇವೆ' ಎಂದು ಕಂಪನಿ ಹೇಳಿದರೆ ಬೇಡ ಅನ್ನಿ. ಸ್ವಲ್ಪ ಕಾದು, ಅಲ್ಲಿಯ ಖಾತೆಗೇ ಹಾಕಿಸಿಕೊಂಡು, ನಂತರ ಊರಿಗೆ ಕಳಿಸಿ. ಅಲ್ಲಿ ಒಮ್ಮೆ ಕೈಗೆ ಬಂದ ಹಣವನ್ನು ಇಲ್ಲಿಗೆ ಕಳಿಸಿದರೆ ಅದಕ್ಕೆ ತೆರಿಗೆ ಇಲ್ಲ.

ತಡವಾಗಿ ಹೊರಟವರು 'ದುಬೈ ಒಪ್ಪಂದ ಇದೆಯಲ್ಲ, ಅದರಲ್ಲಿ ತಪ್ಪಿಸಿಕೊಳ್ಳುತ್ತೇನೆ' ಎಂದು ನಂಬಿ ಕೂರಬಾರದು. ಭಾರತ-ಯುಎಇ ದ್ವಿತೆರಿಗೆ ತಡೆ ಒಪ್ಪಂದದಲ್ಲಿ ಅಲ್ಲಿಯ ನಿವಾಸಿ ಎನಿಸಿಕೊಳ್ಳಲು ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರಬೇಕು. ಅಕ್ಟೋಬರ್‌ನಲ್ಲಿ ಕಾಲಿಟ್ಟವರಿಗೆ 2025ರಲ್ಲಿ ಅದು ಆಗದ ಮಾತು. ಯುಎಇ ಒಳಗಿನ ಕಾನೂನಿನಲ್ಲಿ 90 ದಿನಕ್ಕೂ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ಸಿಗುವ ದಾರಿ 2023ರಿಂದ ಇದೆ, ಆದರೆ ಒಪ್ಪಂದದ ಮಾತು ಬೇರೆ.

ಇಲ್ಲಿಯ ವಾರ್ಷಿಕ ಆದಾಯ 15 ಲಕ್ಷ ದಾಟುವವರಿಗೆ ಇನ್ನೆರಡು ನಿಯಮ ತಿಳಿದಿರಲಿ. ಒಂದು, ಮುಂದಿನ ವರ್ಷಗಳಲ್ಲಿ ರಜೆಗೆ ಬರುವಾಗ 182ರ ಬದಲು 120 ದಿನದ ಮಿತಿ. ಇನ್ನೊಂದು, ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಿವಾಸಿ ಎಂದೇ ಪರಿಗಣಿಸುವ ಸೆಕ್ಷನ್ 6(1ಎ). ಹೊರಡುವ ಮೊದಲ ಐದಾರು ತಿಂಗಳಲ್ಲೇ ಇಲ್ಲಿ 15 ಲಕ್ಷಕ್ಕಿಂತ ಹೆಚ್ಚು ದುಡಿದು ಗಲ್ಫ್‌ಗೆ ಹೋದವರಿಗೆ ಇದು ಹೊರಟ ವರ್ಷವೇ ತಗಲಬಹುದು. ಹೆದರಬೇಕಿಲ್ಲ. ಹಾಗೆ ನಿವಾಸಿಯಾದವರು 'ಸಾಮಾನ್ಯ ನಿವಾಸಿಯಲ್ಲದ' ವರ್ಗಕ್ಕೆ ಸೇರುತ್ತಾರೆ, ಅವರ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆ ಬರುವುದಿಲ್ಲ. ರಿಟರ್ನ್‌ನಲ್ಲಿ ವರ್ಗವನ್ನು ಸರಿಯಾಗಿ ಆರಿಸಿದರೆ ಸಾಕು. 15 ಲಕ್ಷದ ಲೆಕ್ಕಕ್ಕೆ ಕೃಷಿ ಆದಾಯ ಸೇರುವುದಿಲ್ಲ.

---

ಪೊನ್ನಂಪೇಟೆ_ಪಾರ್ಚ್‌ಮೆಂಟ್

ತೋಟದ ವಿಷಯ ನಾನು ಹೇಳುತ್ತೇನೆ. ಯಾಕೆಂದರೆ ಇದರಲ್ಲಿ ಗಡುವು 182 ದಿನವಲ್ಲ, ವಿಮಾನ ಹತ್ತುವ ದಿನ.

ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆ ಬೇರೆ, ತೆರಿಗೆ ಕಾಯ್ದೆ ಬೇರೆ. ಉದ್ಯೋಗಕ್ಕೆಂದು ದೇಶ ಬಿಟ್ಟ ದಿನದಿಂದಲೇ ಫೆಮಾ ಪ್ರಕಾರ ನೀವು ಅನಿವಾಸಿ. ತೆರಿಗೆಗೆ ಆ ವರ್ಷ ನಿವಾಸಿಯಾಗಿದ್ದರೂ ಅಷ್ಟೆ. ಅನಿವಾಸಿ ಭಾರತೀಯರು ಕೃಷಿ ಭೂಮಿ, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ, ಸ್ವಂತ ತಂದೆಯೇ ಕೊಟ್ಟರೂ. ಕಾಫಿ ತೋಟ ಇದರಲ್ಲಿ ನೇರವಾಗಿ ಬರುತ್ತದೆ. ಉಯಿಲಿನ ಮೂಲಕ ಅಥವಾ ವಾರಸುದಾರಿಕೆಯಿಂದ ಬಂದರೆ ಅಡ್ಡಿಯಿಲ್ಲ. ನಿವಾಸಿಯಾಗಿದ್ದಾಗಲೇ ನಿಮ್ಮದಾದ ಮೂರು ಎಕರೆ ಉಳಿಸಿಕೊಳ್ಳಬಹುದು. ಮುಂದೆ ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು.

ಹಾಗಾಗಿ ತಂದೆಯ ದಾನಪತ್ರ ಆಗುವುದೇ ಆದರೆ ನೀವು ಹೊರಡುವ ಮುಂಚೆ ನೋಂದಣಿಯಾಗಬೇಕು. ಬರೀ ಕರಾರು ಬರೆದಿಟ್ಟು ಹೋಗಿ, ಪುತ್ತರಿಗೆ ಬಂದಾಗ ನೋಂದಣಿ ಮಾಡಿಸೋಣ ಅಂದರೆ ನಿಯಮ ಮೀರಿದಂತೆ. ಜಮ್ಮಾ (ಕೊಡಗಿನ ವಂಶಪಾರಂಪರ್ಯದ) ಹಿಡುವಳಿಯಾಗಿದ್ದು ಪಟ್ಟೇದಾರರ ಹೆಸರು, ಒಕ್ಕದ (ಕುಟುಂಬದ) ಇತರರ ಹೆಸರು ಪಹಣಿಯಲ್ಲಿದ್ದರೆ ದಾಖಲೆ ಸರಿಮಾಡಿಸುವುದಕ್ಕೇ ತಿಂಗಳುಗಟ್ಟಲೆ ಬೇಕು, ಸೆಪ್ಟೆಂಬರ್‌ಗೆ ಮುಗಿಯುವುದು ಅನುಮಾನ. ಅಂಥ ಕಡೆ ಅವಸರದ ದಾನಪತ್ರಕ್ಕಿಂತ ತಂದೆಯವರು ಉಯಿಲು ಬರೆದಿಡುವುದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಮುಂದೆ ಯಾರೂ ಪ್ರಶ್ನೆ ಮಾಡುವ ಹಾಗಿರುವುದಿಲ್ಲ.

ಕಾಫಿ ಆದಾಯಕ್ಕೆ ಅನಿವಾಸಿ, ನಿವಾಸಿ ಭೇದ ಇಲ್ಲ. ಚೆರಿಯನ್ನು (ಕಾಫಿ ಹಣ್ಣು) ಒಣಗಿಸಿ ಹಾಗೇ ವ್ಯಾಪಾರಿಗೆ ಕೊಟ್ಟರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ಕಾಳುಮೆಣಸೂ ಹಾಗೆಯೇ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಸಂಸ್ಕರಿಸುವುದು) ಮಾಡಿಸಿ ನಿಮ್ಮ ಹೆಸರಿನಲ್ಲೇ ಮಾರಿದರೆ ಆದಾಯ ತೆರಿಗೆಯ 7ಬಿ ನಿಯಮದಂತೆ ಶೇ 25 ಭಾಗ ತೆರಿಗೆಗೆ ಬರುವ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ರೊಬಸ್ಟಾ ಕೊಯ್ಲು ಜನವರಿಯಿಂದ, ಅಂದರೆ ಆಗ ನೀವು ದುಬೈನಲ್ಲಿ. ಅಲ್ಲಿ ಕೂತು ಕ್ಯೂರಿಂಗ್, ಪುಡಿಯ ಲೆಕ್ಕ ಇಡುವ ಉಸಾಬರಿ ಬೇಡ, ಮೊದಲ ವರ್ಷ ಚೆರಿಯಾಗಿಯೇ ಮಾರಿಸಿ. ಪೂರ್ತಿ ವಿನಾಯಿತಿ ಇದ್ದರೂ ರಿಟರ್ನ್‌ನಲ್ಲಿ ಕೃಷಿ ಆದಾಯ ತೋರಿಸಲೇಬೇಕು. 5,000ಕ್ಕಿಂತ ಹೆಚ್ಚಿದ್ದರೆ ಅದನ್ನು ಸೇರಿಸಿಯೇ ಸಂಬಳದ ತೆರಿಗೆಯ ದರ ನಿಗದಿಯಾಗುತ್ತದೆ. ಮೇಲೆ ಹೇಳಿದ 31,200 ಇದರಿಂದ ಸ್ವಲ್ಪ ಏರುತ್ತದೆ.

ಮಾರಾಟದ ಹಣ, ಕೂಲಿ ಬಟವಾಡೆ, ಗೊಬ್ಬರದ ಬಿಲ್ಲು ಇವಕ್ಕೆಲ್ಲ ತಂದೆಗೋ ತಮ್ಮನಿಗೋ ಪವರ್ ಆಫ್ ಅಟಾರ್ನಿ ಬೇಕು. ಇಲ್ಲೇ ಮಾಡಿಸಿಕೊಂಡು ಹೋಗಿ. ಅಲ್ಲಿಂದ ಮಾಡಿಸಿದರೆ ಕಾನ್ಸುಲೇಟ್ ದೃಢೀಕರಣ ಬೇಕು, ಆ ಪತ್ರ ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಏನೇನು ಅಧಿಕಾರ ಎಂದು ಬಿಡಿಸಿ ಬರೆಸಿ: ಬೆಳೆ ಮಾರುವುದು, ಖಾತೆ ನಿರ್ವಹಿಸುವುದು, ಕಂದಾಯ ಇಲಾಖೆಯಲ್ಲಿ ಅರ್ಜಿ ಹಾಕುವುದು. ಭೂಮಿ ಮಾರುವ ಅಧಿಕಾರ ಬೇಡವಾಗಿದ್ದರೆ ಅದನ್ನೂ ಬರೆಸಿ.

ಮನೆಯನ್ನೋ ಹೋಂಸ್ಟೇಯನ್ನೋ ಬೇರೆಯವರಿಗೆ ಬಾಡಿಗೆಗೆ ಕೊಟ್ಟು ಹೋಗುವವರಿಗೆ ಒಂದು ಮಾತು. ಅನಿವಾಸಿಗೆ ಬಾಡಿಗೆ ಕೊಡುವವರು 195ನೇ ಸೆಕ್ಷನ್‌ನಲ್ಲಿ ಮೊದಲ ರೂಪಾಯಿಯಿಂದಲೇ ಶೇ 31.2 ಟಿಡಿಎಸ್ ಹಿಡಿಯಬೇಕು. ಬಾಡಿಗೆದಾರರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಾದಾಗ ಹಿಂದಿನ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ. ಕರಾರಿನಲ್ಲೇ ಬರೆದುಬಿಡಿ.

---

ಗೋಣಿಕೊಪ್ಪಲು_ತೋಟ

ತುಂಬಾ ಉಪಕಾರ. ಸೆಪ್ಟೆಂಬರ್ ಮೊದಲ ವಾರಕ್ಕೆ ಕಂಪನಿ ಒಪ್ಪುತ್ತದಾ ಕೇಳುತ್ತೇನೆ. ಇನ್ನೆರಡು ಸಂದೇಹ. ಊರಿನ ಬ್ಯಾಂಕಿನ ಎಸ್‌ಬಿ ಖಾತೆ, ಎಫ್‌ಡಿ, ಪಿಪಿಎಫ್, ಎಸ್‌ಐಪಿ ಏನು ಮಾಡಲಿ? ಹೆಂಡತಿಯೂ ನನ್ನ ಜೊತೆಗೇ ಬರುತ್ತಾಳೆ, ಅವಳಿಗೆ ಅಲ್ಲಿ ಸದ್ಯಕ್ಕೆ ಕೆಲಸ ಇಲ್ಲ. ಅವಳಿಗೂ ಇದೇ ಲೆಕ್ಕವೇ?

---

ಸೋಮವಾರಪೇಟೆ_ಕಡೆ

ನಡುವೆ ಒಂದು ಪ್ರಶ್ನೆ. ನಮ್ಮ ಮನೆಯವರು ನರ್ಸಿಂಗ್ ಕೆಲಸಕ್ಕೆ ಅಕ್ಟೋಬರ್‌ನಲ್ಲಿ ಜರ್ಮನಿಗೆ ಹೊರಡುತ್ತಾರೆ. ಜರ್ಮನಿಯಲ್ಲಿ ತೆರಿಗೆ ಜಾಸ್ತಿಯಂತೆ. ಎರಡೂ ಕಡೆ ಕಟ್ಟಬೇಕಾಗುತ್ತದಾ? ಏರ್‌ಪೋರ್ಟಿನಲ್ಲಿ ಟ್ಯಾಕ್ಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತಾರೆ ಎಂದೂ ವಾಟ್ಸಾಪ್‌ನಲ್ಲಿ ಬಂದಿದೆ.

---

ಬಾಳೆಲೆ_ಕನ್ಸಲ್ಟ್

ಸರ್ಟಿಫಿಕೇಟ್ ಎಲ್ಲರಿಗೂ ಬೇಡ. ಗಂಭೀರ ಹಣಕಾಸು ಅಕ್ರಮದಲ್ಲಿ ಸಿಲುಕಿದವರು, ಅಥವಾ ತಡೆಯಾಜ್ಞೆ ಇಲ್ಲದ ನೇರ ತೆರಿಗೆ ಬಾಕಿ 10 ಲಕ್ಷ ಮೀರಿದವರು, ಇಂಥವರಿಗೆ ಮಾತ್ರ. 2024ರ ಆಗಸ್ಟ್‌ನಲ್ಲೇ ಕೇಂದ್ರ ನೇರ ತೆರಿಗೆ ಮಂಡಳಿ ಇದನ್ನು ಸ್ಪಷ್ಟಪಡಿಸಿದೆ.

ಜರ್ಮನಿ ವಿಷಯ. ಅಕ್ಟೋಬರ್ ಆದ್ದರಿಂದ ಇಲ್ಲಿ ಅವರು ನಿವಾಸಿ, ಜರ್ಮನ್ ಸಂಬಳವನ್ನೂ ತೋರಿಸಬೇಕು. ಆದರೆ ಅಲ್ಲಿ ಹಿಡಿದ ಆದಾಯ ತೆರಿಗೆಯನ್ನು ಇಲ್ಲಿಯ ತೆರಿಗೆಯಲ್ಲಿ ಕಳೆಯಬಹುದು. ಅದೇ ಆದಾಯಕ್ಕೆ ಇಲ್ಲಿ ಬರುವ ತೆರಿಗೆ, ಅಲ್ಲಿ ಕಟ್ಟಿದ ತೆರಿಗೆ, ಎರಡರಲ್ಲಿ ಕಡಿಮೆಯಾದಷ್ಟೇ ಸಿಗುತ್ತದೆ. ಉದಾಹರಣೆಗೆ ಅಲ್ಲಿ 1,60,000 ಹಿಡಿದಿದ್ದಾರೆ, ಇಲ್ಲಿ ಬರುವುದು 1,10,000 ಎಂದಾದರೆ 1,10,000 ಕಳೆಯುತ್ತದೆ, ಉಳಿದ 50,000 ವಾಪಸ್ ಬರುವುದಿಲ್ಲ. ಅಲ್ಲಿ ಪಿಂಚಣಿ, ಆರೋಗ್ಯ ವಿಮೆಗೆ ಹಿಡಿಯುವ ದೊಡ್ಡ ಮೊತ್ತಗಳು ತೆರಿಗೆಯಲ್ಲ, ಅವನ್ನು ಈ ಲೆಕ್ಕಕ್ಕೆ ತರಬೇಡಿ.

ಫಾರ್ಮ್ 67 (ಹೊರದೇಶದಲ್ಲಿ ಕಟ್ಟಿದ ತೆರಿಗೆಯ ವಿವರ) ಸಲ್ಲಿಸದೆ ಈ ಕಳೆತ ಕೇಳಿದರೆ ಬೆಂಗಳೂರಿನ ಸಿಪಿಸಿ (ರಿಟರ್ನ್ ಪರಿಶೀಲಿಸುವ ಕೇಂದ್ರ) ಅದನ್ನು ಕಿತ್ತುಹಾಕಿ ಡಿಮಾಂಡ್ ಕಳಿಸುತ್ತದೆ. ಮೊದಲು ಫಾರ್ಮ್ 67, ಆಮೇಲೆ ರಿಟರ್ನ್. ಜರ್ಮನಿಯ ವಾರ್ಷಿಕ ವೇತನ ಪತ್ರ ಕ್ಯಾಲೆಂಡರ್ ವರ್ಷದ್ದು, ಅದರಲ್ಲಿ ಡಿಸೆಂಬರ್‌ವರೆಗೆ ಮಾತ್ರ ಇರುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ತಿಂಗಳ ಸಂಬಳ ಚೀಟಿಗಳನ್ನು ಇಟ್ಟುಕೊಳ್ಳಿ. ಯೂರೋವನ್ನು ರೂಪಾಯಿಗೆ ಪರಿವರ್ತಿಸಲು ಸಂಬಳ ಸಲ್ಲಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ಟಿಟಿ ಬೈಯಿಂಗ್ ದರವೇ (ಬ್ಯಾಂಕ್ ವಿದೇಶಿ ಹಣ ಕೊಳ್ಳುವ ದರ) ಬೇಕು, ಗೂಗಲ್ ದರ ನಡೆಯದು. ಜರ್ಮನಿ ಕಡೆಗೂ ಒಂದು ಮಾತು: ಅಲ್ಲಿ ಪೂರ್ಣ ತೆರಿಗೆ ಹೊಣೆ ಶುರುವಾಗುವುದು ಅಲ್ಲಿ ಮನೆ ಮಾಡಿದಾಗಿನಿಂದ. ಅದೇ ಕ್ಯಾಲೆಂಡರ್ ವರ್ಷದಲ್ಲಿ ಅದಕ್ಕೆ ಮುಂಚೆ ಇಲ್ಲಿ ದುಡಿದದ್ದಕ್ಕೆ ಅವರು ತೆರಿಗೆ ಹಾಕುವುದಿಲ್ಲ, ಆದರೆ ದರ ನಿಗದಿಗೆ ಲೆಕ್ಕ ಹಿಡಿಯುತ್ತಾರೆ. ನಮ್ಮ ಕೃಷಿ ಆದಾಯದ ರೀತಿಯದೇ ಪದ್ಧತಿ. ಇಲ್ಲಿಯ ಆಸ್ಪತ್ರೆಯ ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಸಂಬಳ ಚೀಟಿ ಜೊತೆಗೇ ಒಯ್ಯಲಿ.

---

ಲೆಕ್ಕಪತ್ರ_ಮಡಿಕೇರಿ

ಗೋಣಿಕೊಪ್ಪಲಿನವರ ಎರಡು ಸಂದೇಹಕ್ಕೆ.

ಎಸ್‌ಬಿ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಇಲ್ಲಿಯ ಆದಾಯದ ಖಾತೆ) ಮಾಡಿಸಲೇಬೇಕು. ಊರಿನ ಆದಾಯವೆಲ್ಲ, ಕಾಫಿ ಹಣವೂ ಸೇರಿ, ಅದಕ್ಕೆ ಬರಲಿ. ದುಬೈಯಿಂದ ಕಳಿಸುವ ಹಣಕ್ಕೆ ಬೇರೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಶೇ 31.2 ಟಿಡಿಎಸ್. ಟಿಡಿಎಸ್ ಹಿಡಿಯಬೇಡಿ ಎಂದು ಕೊಡುವ ಫಾರ್ಮ್ 15ಜಿ ಅನಿವಾಸಿಗಳಿಗಿಲ್ಲ. ಮುಂದೆ ಯುಎಇ ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್ ಸಿಕ್ಕ ಮೇಲೆ ಒಪ್ಪಂದದ ಶೇ 12.5 ದರ ಕೇಳಬಹುದು. ಎನ್‌ಆರ್‌ಒದಿಂದ ಹೊರದೇಶಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಒಯ್ಯಬಹುದು. ಈಗಿರುವ ಪಿಪಿಎಫ್ 15 ವರ್ಷ ಮುಗಿಯುವವರೆಗೆ ಮುಂದುವರಿಯುತ್ತದೆ, ವಿಸ್ತರಣೆ ಇಲ್ಲ. ಮ್ಯೂಚುವಲ್ ಫಂಡ್‌ನಲ್ಲಿ ಕೆವೈಸಿ ಸ್ಥಿತಿ ಬದಲಿಸಿ, ಎಸ್‌ಐಪಿಯ ಬ್ಯಾಂಕ್ ಮ್ಯಾಂಡೇಟ್ ಹೊಸದಾಗಿ ಮಾಡಿಸಿ. ಖಾತೆ ಸಂಖ್ಯೆ ಬದಲಾದರೆ ಹಳೆಯ ಮ್ಯಾಂಡೇಟ್ ನಿಂತುಹೋಗುತ್ತದೆ. ಆದಾಯ ತೆರಿಗೆ ಪೋರ್ಟಲ್‌ನಲ್ಲೂ ರೀಫಂಡ್ ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಿ.

ಹೆಂಡತಿಯ ಲೆಕ್ಕ ಬೇರೆಯೇ. ಅವರು ಉದ್ಯೋಗಕ್ಕಾಗಿ ಹೋಗುತ್ತಿಲ್ಲವಾದ್ದರಿಂದ 60 ದಿನದ ನಿಯಮವೇ ಅವರಿಗೆ. ಸೆಪ್ಟೆಂಬರ್ 4ಕ್ಕೆ ನಿಮ್ಮ ಜೊತೆಗೇ ವಿಮಾನ ಹತ್ತಿದರೂ ಈ ವರ್ಷ ನೀವು ಅನಿವಾಸಿ, ಅವರು ನಿವಾಸಿ. ಆದಾಯ ಇಲ್ಲದಿದ್ದರೆ ತೆರಿಗೆಯೇನೂ ಬಾರದು, ಆದರೆ ದುಬೈ ಬ್ಯಾಂಕ್ ಖಾತೆಯಲ್ಲಿ ಅವರ ಹೆಸರನ್ನು ಜಂಟಿಯಾಗಿ ಸೇರಿಸಿದಿರೋ, ಅವರು ಐಟಿಆರ್ ಸಲ್ಲಿಸಲೇಬೇಕು, ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿಯ ವಿವರ) ತುಂಬಲೇಬೇಕು. ಆ ಶೆಡ್ಯೂಲ್ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷದ್ದು. ಬಿಟ್ಟುಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ಆಸ್ತಿಗೆ 2024ರ ಅಕ್ಟೋಬರ್‌ನಿಂದ ದಂಡದ ವಿನಾಯಿತಿ ಇದ್ದರೂ ತೋರಿಸುವ ಹೊಣೆ ತಪ್ಪಿಲ್ಲ. ಸುಲಭದ ದಾರಿ ಎಂದರೆ 2026ರ ಏಪ್ರಿಲ್‌ವರೆಗೆ ದುಬೈ ಖಾತೆ ನಿಮ್ಮೊಬ್ಬರ ಹೆಸರಿನಲ್ಲೇ ಇರಲಿ.

ರಿಟರ್ನ್ ಸಲ್ಲಿಸುವಾಗ ನಿಮಗೆ ಐಟಿಆರ್-1 ಇಲ್ಲ, ಐಟಿಆರ್-2. ಕ್ಯೂರಿಂಗ್ ಕಾಫಿ ಮಾರಿದ್ದರೆ ಐಟಿಆರ್-3. ಅದರಲ್ಲಿ ಈ ವರ್ಷ ಭಾರತದಲ್ಲಿದ್ದ ದಿನಗಳು, ಹಿಂದಿನ ನಾಲ್ಕು ವರ್ಷಗಳ ದಿನಗಳು ಎರಡನ್ನೂ ಕೇಳುತ್ತಾರೆ, ಪಾಸ್‌ಪೋರ್ಟ್ ನೋಡಿಕೊಂಡೇ ತುಂಬಿ. ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಆಗದಿದ್ದರೆ ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನ ಎಂದಾಗುತ್ತದೆ, ಆಧಾರ್ ಒಟಿಪಿ ಬರುವುದು ಇಲ್ಲಿಯ ಸಿಮ್‌ಗೆ. ಅನೇಕರು ಸಿಮ್ ಮನೆಯಲ್ಲಿ ಬಿಟ್ಟು ಹೋಗುತ್ತಾರೆ, ರೀಚಾರ್ಜ್ ಇಲ್ಲದೆ ಆ ನಂಬರ್ ಬೇರೆಯವರಿಗೆ ಹೋಗಿಬಿಡುತ್ತದೆ. ಸಿಮ್ ಜೊತೆಗೆ ಒಯ್ದು ರೋಮಿಂಗ್‌ನಲ್ಲಿ ಜೀವಂತ ಇಡಿ, ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ವೆರಿಫೈ ಆಗುವ ಹಾಗೆ ಎನ್‌ಆರ್‌ಒ ಖಾತೆಯನ್ನು ಪೋರ್ಟಲ್‌ಗೆ ಜೋಡಿಸಿಡಿ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುತ್ತದೆ. ದಿನಗಳ ಈ ನಿಯಮ ಅದರಲ್ಲೂ 6ನೇ ಸೆಕ್ಷನ್‌ನಲ್ಲೇ ಉಳಿದಿದೆ. ಮುಂದಿನ ವರ್ಷದಿಂದ ನಿಮ್ಮ ಇಲ್ಲಿಯ ಆದಾಯ 15 ಲಕ್ಷದೊಳಗಿದ್ದರೆ ರಜೆಗೆ 181 ದಿನದವರೆಗೆ ಬಂದಿರಬಹುದು. ತುಲಾ ಸಂಕ್ರಮಣ, ಪುತ್ತರಿ ಎರಡಕ್ಕೂ ಬನ್ನಿ.

---

ಮಾಕುಟ್ಟ_ದಾರಿ

ಪಿಎಫ್ ಬಗ್ಗೆ ಯಾರೂ ಹೇಳಲಿಲ್ಲ. ಐದು ವರ್ಷ ಸೇವೆ ತುಂಬದಿದ್ದರೆ ಈಗಲೇ ತೆಗೆಯಬೇಡಿ, ತೆಗೆದರೆ ತೆರಿಗೆ ಬೀಳುತ್ತದೆ. ಕೆಲಸ ಬಿಟ್ಟ ಮೇಲೆ ಬರುವ ಬಡ್ಡಿಗೂ ತೆರಿಗೆ ಇದೆ ಎಂಬುದು ನೆನಪಿರಲಿ. ಯುಎಎನ್‌ನಲ್ಲಿ (ಪಿಎಫ್ ಖಾತೆಯ ಸಂಖ್ಯೆ) ಕೆಲಸ ಬಿಟ್ಟ ತಾರೀಖು ಕಂಪನಿ ತುಂಬಿದೆಯೇ ಎಂದು ಹೊರಡುವ ಮುಂಚೆ ನೋಡಿ. ಅದು ಖಾಲಿ ಇದ್ದರೆ ಮುಂದೆ ಕ್ಲೇಮ್ ಹಾಕುವಾಗ ಅಲ್ಲಿಂದ ಎಚ್‌ಆರ್ ಹಿಂದೆ ಅಲೆಯಬೇಕಾಗುತ್ತದೆ. ಜರ್ಮನಿಗೆ ಹೋಗುವವರಿಗೆ ಭಾರತದ ಜೊತೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ. ಇಲ್ಲಿಯ ಕಂಪನಿಯೇ ಡೆಪ್ಯುಟೇಷನ್ ಮೇಲೆ ಕಳಿಸಿದರೆ ಇಪಿಎಫ್‌ಒದಿಂದ ಕವರೇಜ್ ಸರ್ಟಿಫಿಕೇಟ್ ಪಡೆದು ಅಲ್ಲಿಯ ಪಿಂಚಣಿ ಕಡಿತ ತಪ್ಪಿಸಬಹುದು, ಆದರೆ ಸೋಮವಾರಪೇಟೆಯವರು ಕೇಳಿದಂತೆ ನೇರವಾಗಿ ಜರ್ಮನ್ ಆಸ್ಪತ್ರೆ ಸೇರುವವರಿಗೆ ಅದು ಅನ್ವಯಿಸುವುದಿಲ್ಲ.